ಒಂದನೇ ಕ್ಲಾಸನ್ನೇ ಇನ್ನೊಂದು ವರ್ಷ ಓದಿಸೋದಾ?

"ಓದೋಕೆ ಬರ್ತಿಲ್ಲ, ಒಂದನೇ ಕ್ಲಾಸಲ್ಲೇ ಇನ್ನೊಂದು ವರ್ಷ ಕೂರಿಸಿ" ಅಂದ್ರಾ ಮಿಸ್ಸು? ಒಪ್ಕೊಳ್ಳೋಕೆ ಮುಂಚೆ ಸ್ವಲ್ಪ ತಡೀರಿ.

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದನೇ ಕ್ಲಾಸಲ್ಲಿ ಮಗುವನ್ನ ಫೇಲ್ ಮಾಡೋ ಹಾಗಿಲ್ಲ. 2019ರ ತಿದ್ದುಪಡಿ ಅವಕಾಶ ಕೊಟ್ಟಿರೋದು ಐದು, ಎಂಟನೇ ಕ್ಲಾಸಿಗೆ. ಅದೂ ಎರಡು ತಿಂಗಳೊಳಗೆ ಮರುಪರೀಕ್ಷೆ ಕೊಟ್ಟ ಮೇಲೆ.

ಮೊದಲು ಕೇಳಿ, ಏನು ಬರ್ತಿಲ್ಲ? "ಎಲ್ಲದರಲ್ಲೂ ವೀಕು" ಅಂದ್ರೆ ಬಿಡಬೇಡಿ. ಕಾಗುಣಿತ ಕೂಡಿಸೋಕೆ ಬರಲ್ವಾ? ಒತ್ತಕ್ಷರ ಬಂದ್ರೆ ತಡವರಿಸುತ್ತಾ? ಅಥವಾ ಬೋರ್ಡೇ ಕಾಣ್ತಿಲ್ವಾ? ಕಣ್ಣು, ಕಿವಿ ತೋರಿಸದೆ ಈ ಮಾತು ಮುಂದುವರಿಸಲೇಬೇಡಿ. ಮನೇಲಿ ತುಳುನೋ ಉರ್ದುನೋ ಆಡೋ ಮಗುಗೆ ಇಂಗ್ಲಿಷ್ ಪಾಠ ತಲೆಗೆ ಹೋಗದೇ ಇರೋದು ದಡ್ಡತನಾನಾ, ನೀವೇ ಹೇಳಿ! ಡಿಸ್ಲೆಕ್ಸಿಯಾ ಅನುಮಾನ ಇದ್ರೆ ನಿಮ್ಹಾನ್ಸ್‌ನಂಥ ಕಡೆ ತೋರಿಸಿ. ಅದಿದ್ದ ಮಗುಗೆ ಅದೇ ಪಾಠ, ಅದೇ ರೀತಿ ಇನ್ನೊಂದು ವರ್ಷ ಮಾಡಿದ್ರೆ ಏನೂ ಬದಲಾಗಲ್ಲ.

ಯುಕೆಜಿ ಮಾತು ಬೇರೆ. ಕರ್ನಾಟಕದಲ್ಲಿ ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ತುಂಬಿರಬೇಕು ಅನ್ನೋ ನಿಯಮ ಬಂದಿದೆ. 2025ರಲ್ಲಿ ಒಂದು ವರ್ಷದ ಮಟ್ಟಿಗೆ ಸಡಿಲಿಸಿದ್ರು. ವಯಸ್ಸು ಸಾಲದಿದ್ರೆ ಅಲ್ಲೇ ಇರಲಿ, ನನ್ನ ಪ್ರಕಾರ ನಷ್ಟ ಏನಿಲ್ಲ.

ಇಷ್ಟಾದ ಮೇಲೂ ನೀವಾಗೇ ಒಪ್ಪಿ ಒಂದನೇ ಕ್ಲಾಸಲ್ಲೇ ಕೂರಿಸೋದಾದ್ರೆ, ಈ ಸಲ ಬೇರೆ ಏನು ಮಾಡ್ತೀರಿ ಅಂತ ಮಿಸ್ಸಿನ ಹತ್ರ ಬರೆಸ್ಕೊಳ್ಳಿ.