ಕ್ಯಾಮೆರಾಗೊಂದು ಜಲಕವಚ: ಮನೆಯಲ್ಲೇ ಕಟ್ಟುವ ಮುನ್ನ

ಮುರ್ಡೇಶ್ವರದಿಂದ ದೋಣಿ ಏರಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡಿ ಬಂದವರಲ್ಲಿ ಅನೇಕರಿಗೆ, ಮುಂದಿನ ಬಾರಿ ಕಡಲಾಳದ ದೃಶ್ಯಗಳನ್ನು ತಾವೇ ಚಿತ್ರೀಕರಿಸಬೇಕೆಂಬ ಆಸೆ ಮೊಳೆಯುವುದು ಸಹಜ. ಕ್ಯಾಮೆರಾ ಕೈಯಲ್ಲಿದೆ; ಅದನ್ನು ನೀರಿನೊಳಗೆ ಒಯ್ಯುವ ಕವಚವಿಲ್ಲ. ಲೆನ್ಸ್ ಬದಲಿಸಬಹುದಾದ ಕ್ಯಾಮೆರಾಗಳಿಗೆ ಸಿದ್ಧರೂಪದಲ್ಲಿ ದೊರೆಯುವ ಕವಚದ ಬೆಲೆ ಎಷ್ಟೋ ವೇಳೆ ಕ್ಯಾಮೆರಾದ ಬೆಲೆಯನ್ನೇ ಮೀರುತ್ತದೆ. ಮಾದರಿ ಬದಲಾದರೆ ಕವಚವೂ ಬದಲಾಗಬೇಕು. ಹೀಗಾಗಿಯೇ ಪಿವಿಸಿ ಕೊಳವೆ, ಆಕ್ರಿಲಿಕ್ ಹಾಳೆ ಹಾಗೂ ರಬ್ಬರ್ ಉಂಗುರಗಳನ್ನು ಮುಂದಿಟ್ಟುಕೊಂಡು ಸ್ವತಃ ಕವಚ ಕಟ್ಟಲು ಕೂರುವ ಹವ್ಯಾಸಿಗಳು ಹಲವು ದೇಶಗಳಲ್ಲಿದ್ದಾರೆ.

ಈ ಸಾಹಸ ಹೊಸದೇನಲ್ಲ. 1856ರಲ್ಲಿ ಇಂಗ್ಲೆಂಡಿನ ವೇಮೌತ್ ಬಳಿ ವಿಲಿಯಂ ಥಾಂಪ್ಸನ್ ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟು ಸಮುದ್ರಕ್ಕೆ ಇಳಿಬಿಟ್ಟರು. ಪೆಟ್ಟಿಗೆಗೆ ನೀರು ನುಗ್ಗಿತು. ಆದರೂ ಮಸುಕು ಚಿತ್ರವೊಂದು ಮೂಡಿತು. 1893ರಲ್ಲಿ ಫ್ರಾನ್ಸಿನ ಬಾನ್ಯುಲ್ಸ್ ತೀರದಲ್ಲಿ ಜೀವವಿಜ್ಞಾನಿ ಲೂಯಿ ಬೂತಾಂ ತಾವೇ ನೀರಿಗಿಳಿದು ಚಿತ್ರ ತೆಗೆದರು. ಅವರ ಪೆಟ್ಟಿಗೆಗೆ ಗಾಳಿ ತುಂಬಿದ ರಬ್ಬರ್ ಚೀಲವೊಂದನ್ನು ಜೋಡಿಸಲಾಗಿತ್ತು. ಆಳಕ್ಕಿಳಿದಂತೆ ನೀರು ಚೀಲವನ್ನು ಹಿಂಡುತ್ತಿತ್ತು. ಗಾಳಿ ಪೆಟ್ಟಿಗೆಯೊಳಗೆ ಸೇರಿ ಒಳಗಿನ ಒತ್ತಡ ಹೊರಗಿನದಕ್ಕೆ ಸಮನಾಗುತ್ತಿತ್ತು. ಥಾಂಪ್ಸನ್ನರ ಗಾಜಿನ ಫಲಕ ಉಪ್ಪುನೀರನ್ನು ತಾಳಿಕೊಂಡಿತು. ಇಂದಿನ ಡಿಜಿಟಲ್ ಕ್ಯಾಮೆರಾಗೆ ಆ ಭಾಗ್ಯವಿಲ್ಲ!

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಒತ್ತಡ ಸುಮಾರು ಒಂದು ವಾಯುಮಂಡಲದಷ್ಟು, ಎಂದರೆ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 1 ಕಿಲೋದಷ್ಟು ಏರುತ್ತದೆ. ಲೆನ್ಸಿನ ಮುಂದೆ 10 ಸೆಂ.ಮೀ. ಉದ್ದಗಲದ ಚೌಕಾಕಾರದ ಆಕ್ರಿಲಿಕ್ ಕಿಟಕಿ ಕೂರಿಸಿದ್ದರೆ 10 ಮೀಟರ್ ಆಳದಲ್ಲಿ ಅದರ ಮೇಲೆ 100 ಕಿಲೋ, 30 ಮೀಟರ್ ಆಳದಲ್ಲಿ 300 ಕಿಲೋ ಭಾರ ಬೀಳುತ್ತದೆ. ಹಾಳೆಯ ದಪ್ಪವನ್ನು 6 ಮಿ.ಮೀ.ನಿಂದ 12 ಮಿ.ಮೀ.ಗೆ ಏರಿಸಿದರೆ ಅದು ಬಾಗುವ ಪ್ರಮಾಣ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇಲ್ಲಿ ಜಿಪುಣತನ ಸಲ್ಲದು. ಪಿವಿಸಿ ಕೊಳವೆಯ ಮೇಲಿನ '6 ಕೆ.ಜಿ.' ಎಂಬ ಮುದ್ರೆಯನ್ನು ನಂಬಿ ಮೋಸಹೋಗುವುದೂ ಉಂಟು. ಆ ಅಂಕಿ ಕೊಳವೆಯ ಒಳಗಿನಿಂದ ಬೀಳುವ ಒತ್ತಡಕ್ಕೆ ಸಂಬಂಧಿಸಿದ್ದು. ಹೊರಗಿನಿಂದ ಹಿಂಡಿದಾಗ ಕೊಳವೆ ಕುಸಿಯುವ ಲೆಕ್ಕವೇ ಬೇರೆ.

ವಿಚಿತ್ರವೆಂದರೆ, ಚೆನ್ನಾಗಿ ಕಟ್ಟಿದ ಕವಚ ಸೋರುವುದು ಬಹುಮಟ್ಟಿಗೆ ಆಳದಲ್ಲಲ್ಲ, ಮೊದಲ ಕೆಲವು ಮೀಟರುಗಳಲ್ಲಿ. ಮುಚ್ಚಳಕ್ಕೂ ಪೆಟ್ಟಿಗೆಗೂ ನಡುವಿನ ಗಾಡಿಯಲ್ಲಿ ಕುಳಿತ 'ಓ-ರಿಂಗ್' ಎಂಬ ರಬ್ಬರ್ ಉಂಗುರವನ್ನು ಆಳದ ನೀರೇ ಒತ್ತಿ ಬಿಗಿಗೊಳಿಸುತ್ತದೆ. ಮೇಲ್ಮೈ ಬಳಿ ಆ ಬಿಗಿ ಇರುವುದಿಲ್ಲ. ಒಂದು ತಲೆಗೂದಲು ಅಥವಾ ಮರಳಿನ ಕಣ ಅಡ್ಡ ಸಿಕ್ಕಿದರೂ ನೀರಿಗೆ ದಾರಿಯಾಯಿತು. ಉಂಗುರಕ್ಕೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಬೇಕು. ಅದು ಜಾರಲು ನೆರವಾಗುವ ಎಣ್ಣೆಯೇ ಹೊರತು ಸಂದು ಮುಚ್ಚುವ ಮೇಣವಲ್ಲ. ಅತಿಯಾದರೆ ಕಸವನ್ನೇ ಹಿಡಿದಿಡುತ್ತದೆ.

ಗುಂಡಿ ಒತ್ತಲು ಕವಚಕ್ಕೆ ರಂಧ್ರ ಕೊರೆದು ಸರಳು ಹಾಯಿಸುವುದು ಹಳೆಯ ಕ್ರಮ. ಪ್ರತಿ ರಂಧ್ರವೂ ಸೋರಿಕೆಗೆ ಇನ್ನೊಂದು ಅವಕಾಶ. ಮೊದಲ ಪ್ರಯತ್ನಕ್ಕೆ ರಂಧ್ರವೇ ಇಲ್ಲದ ಕವಚ ಲೇಸು: ವಿಡಿಯೊ ಆರಂಭಿಸಿ ಮುಚ್ಚಳ ಬಿಗಿದರಾಯಿತು. ಒಳಗಿನ ತೇವ ಕಿಟಕಿಯ ಮೇಲೆ ಮಂಜಾಗದಂತೆ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಸೇರಿಸಬೇಕು. ಚಪ್ಪಟೆ ಕಿಟಕಿಯ ಮೂಲಕ ಮೀನುಗಳು ಸುಮಾರು ಮೂರನೆಯ ಒಂದು ಭಾಗದಷ್ಟು ದೊಡ್ಡದಾಗಿ ಕಾಣುತ್ತವೆ. ಚಿತ್ರ ನೀಲಿಯಾಗುವುದಕ್ಕೆ ಕವಚ ಕಾರಣವಲ್ಲ. ಕೆಂಪು ಬಣ್ಣವನ್ನು ನೀರು ಮೊದಲ ಕೆಲವು ಮೀಟರುಗಳಲ್ಲೇ ಹೀರಿಬಿಡುತ್ತದೆ.

ಕ್ಯಾಮೆರಾಕ್ಕಿಂತ ಹೆಚ್ಚಿನ ಅಪಾಯ ಮುಳುಗುವವರಿಗಿದೆ. 4 ಲೀಟರ್ ಗಾತ್ರದ ಕವಚ 4 ಕಿಲೋಗಿಂತ ತುಸು ಹೆಚ್ಚು ಸಮುದ್ರನೀರನ್ನು ಸ್ಥಳಾಂತರಿಸುತ್ತದೆ. ಕ್ಯಾಮೆರಾ ಸಹಿತ ಅದರ ತೂಕ ಎರಡೂವರೆ ಕಿಲೋ ಆಗಿದ್ದರೆ ಉಳಿದ ಒಂದೂವರೆ ಕಿಲೋ ಬಲ ಹಿಡಿದವರನ್ನು ಮೇಲಕ್ಕೆಳೆಯುತ್ತದೆ. ಅನಿಯಂತ್ರಿತವಾಗಿ ಮೇಲೇರುವುದು ಶ್ವಾಸಕೋಶಕ್ಕೇ ಕುತ್ತು. ಆದ್ದರಿಂದ ಸೀಸದ ತೂಕ ಕಟ್ಟಿ ತೇಲುವ ಬಲವನ್ನು ಸರಿದೂಗಿಸಬೇಕು. ಅದೇ ಕವಚಕ್ಕೆ ನೀರು ತುಂಬಿದರೆ ತಕ್ಷಣ ಕೆಳಕ್ಕೆ ಜಗ್ಗುತ್ತದೆ. ಎಂದೇ ಅದನ್ನು ಮಣಿಕಟ್ಟಿಗೆ ಬಿಗಿಯಾಗಿ ಕಟ್ಟದೆ, ಒಂದೇ ಕೈಯಲ್ಲಿ ಬಿಡಿಸಬಹುದಾದ ಕೊಂಡಿಗೆ ಸಿಕ್ಕಿಸುವುದು ಅವಶ್ಯ. ಚಿತ್ರದ ಗುಂಗಿನಲ್ಲಿ ಸಿಲಿಂಡರಿನ ಗಾಳಿ ಎಷ್ಟು ಉಳಿದಿದೆಯೆಂದು ನೋಡಲು ಮರೆಯುವುದೂ ಹೊಸಬರ ಸಾಮಾನ್ಯ ತಪ್ಪು.

ಪರೀಕ್ಷೆಗೆ ಕ್ಯಾಮೆರಾ ಬೇಡ. ಕವಚದೊಳಗೆ ಟಿಶ್ಯೂ ಕಾಗದ ಹಾಸಿ, ಮೊದಲು ಬಕೆಟ್ಟಿನಲ್ಲಿ ಮುಳುಗಿಸಿ ಗುಳ್ಳೆಗಳನ್ನು ಗಮನಿಸಬೇಕು. ಬಳಿಕ ತೂಕ ಕಟ್ಟಿ, ಹೋಗಬೇಕಾದ ಆಳಕ್ಕಿಂತ ಹೆಚ್ಚಿನ ಆಳಕ್ಕೆ ಹಗ್ಗದಲ್ಲಿ ಇಳಿಸಿ, ಡೈವಿಂಗಿನ ಅವಧಿಯಷ್ಟು ಹೊತ್ತು ಅಲ್ಲೇ ಬಿಟ್ಟು ಎತ್ತಬೇಕು. ಕಾಗದದ ಮೂಲೆ ಒದ್ದೆಯಾಗಿದ್ದರೂ ಕವಚ ಸಿದ್ಧವಾಗಿಲ್ಲ.

ಡೈವಿಂಗ್ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ನಂತರವೇ ತೆರೆಯಬೇಕು. ಆಳದಲ್ಲಿ ನೀರು ಒಳಸೇರಿದ್ದರೆ ಒಳಗಿನ ಗಾಳಿ ಒತ್ತಡದಲ್ಲಿ ಸಿಲುಕಿರುತ್ತದೆ. ಒದ್ದೆಯಾದ ಲಿಥಿಯಂ ಬ್ಯಾಟರಿಯೂ ಅನಿಲ ಉಗುಳಬಹುದು. ಅಂಥ ಅನುಮಾನವಿದ್ದಲ್ಲಿ ಮುಚ್ಚಳವನ್ನು ಮುಖದಿಂದಲೂ ಪಕ್ಕದವರಿಂದಲೂ ಬೇರೆಡೆಗೆ ತಿರುಗಿಸಿ, ಚಿಲಕವನ್ನು ನಿಧಾನವಾಗಿ ಸಡಿಲಿಸಬೇಕು.