ರಾಯಚೂರಿನ ಮುತ್ತಿಗೆಯಲ್ಲಿ ಕೈಬಂದೂಕು

ಹಂಪಿಯ ಗಜಶಾಲೆಯನ್ನು ಕಂಡವರು ವಿಜಯನಗರದ ಸೈನ್ಯಬಲವನ್ನು ಆನೆಗಳಿಂದಲೇ ಅಳೆಯುವುದು ಸಹಜ. ಆದರೆ 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಮುತ್ತಿದಾಗ, ಉರಿಬತ್ತಿಯಿಂದ ಮದ್ದು ಹೊತ್ತಿಸುವ ಕೈಬಂದೂಕಿನ ಪಾತ್ರವೂ ಹಿರಿದಾಗಿದ್ದಿತು. ಕೋಟೆಯಲ್ಲಿ 200 ದೊಡ್ಡ ತೋಪುಗಳಿದ್ದುವೆಂದು ಪೋರ್ಚುಗೀಸ್ ವರ್ತಕನಾದ ನೂನಿಜನು ಬರೆದಿದ್ದಾನೆ. ಕ್ರಿಸ್ತೊವಾವ್ ದ ಫಿಗೆರೇದೊ ಮತ್ತು ಅವನ 20 ಮಂದಿ ಸಂಗಡಿಗರು ಗೋಡೆಯ ಮೇಲಿನ ಕಾವಲುಗಾರರನ್ನು ಗುರಿಯಿಟ್ಟು ಹೊಡೆಯಲು, ರಾಯನ ಆಳುಗಳು ಕೆಳಗೆ ನಿರ್ಭಯವಾಗಿ ಕಲ್ಲು ಕಿತ್ತರು. ಹೊರಗೆ ಬಾಗಿ ನೋಡಿದ ಕೋಟೆಯ ಅಧಿಪತಿಯು ಹಣೆಗೆ ಗುಂಡು ತಗುಲಿ ಮಡಿದನು. ಬಳಿಕ ಕೋಟೆ ಶರಣಾಯಿತು.

ನೂನಿಜನು ಸ್ವದೇಶೀಯರ ಪಾತ್ರವನ್ನು ಹಿಗ್ಗಿಸಿರಬಹುದೆಂಬುದನ್ನು ನಾವು ಮರೆಯಲಾಗದು. ಗೋಡೆಯನ್ನು ಕೆಡವಿದುದು ಬಂದೂಕಲ್ಲ, ರಾಯನ ಆಳುಗಳ ಹಾರೆಗುದ್ದಲಿ. ಬಂದೂಕು ಅವರಿಗೆ ರಕ್ಷೆಯಾಯಿತು. ಈ ಎರಡನ್ನೂ ಕೂಡಿಸಿ ನೋಡಿದಾಗಲೇ ಆ ವಿಜಯದ ಕಾರಣವು ನಮಗೆ ಸ್ಪಷ್ಟವಾಗುತ್ತದೆ.