ಕರ್ನಲ್ ಹೆಸರಿನಿಂದ ಕೌಂಟಿ ಹೆಸರಿಗೆ

ಪ್ರಶ್ನೆ: ಶ್ರೀರಂಗಪಟ್ಟಣದ ಯುದ್ಧದ ಕಥನಗಳಲ್ಲಿ ‘33ನೇ ಫುಟ್’, ‘74ನೇ ಹೈಲ್ಯಾಂಡರ್ಸ್’ ಎಂಬ ಹೆಸರುಗಳು ಸಿಗುತ್ತವೆ. ಬ್ರಿಟಿಷ್ ಕಾಲಾಳು ಪಡೆಗಳಿಗೆ ಈ ಸಂಖ್ಯೆಗಳು ಬಂದದ್ದು ಹೇಗೆ? ಈಗ ಅವು ಏಕಿಲ್ಲ?

ಉತ್ತರ: ಮೊದಮೊದಲು ಕರ್ನಲ್‌ನ ಹೆಸರೇ ರೆಜಿಮೆಂಟಿನ ಹೆಸರು. ಕರ್ನಲ್ ಬದಲಾದರೆ ಹೆಸರೂ ಬದಲು. 1740ರ ದಶಕದಲ್ಲಿ ಹೋವರ್ಡ್ ಎಂಬ ಇಬ್ಬರು ಬೇರೆ ಬೇರೆ ಪಡೆಗಳ ಕರ್ನಲ್‌ಗಳಾಗಿದ್ದಾಗ ಪೇಚಾಟಕ್ಕಿಟ್ಟುಕೊಂಡಿತು. ಕೆಂಪು ಕೋಟಿನ ತೋಳಂಚಿನ ಬಣ್ಣ ನೋಡಿ ಒಂದು ಪಡೆಯನ್ನು ‘ಗ್ರೀನ್ ಹೋವರ್ಡ್ಸ್’, ಇನ್ನೊಂದನ್ನು ‘ಬಫ್ ಹೋವರ್ಡ್ಸ್’ ಎಂದು ಕರೆಯಬೇಕಾಯಿತು. 1751ರ ರಾಜಾಜ್ಞೆ ಈ ಗೊಂದಲಕ್ಕೆ ತೆರೆ ಎಳೆದು, ಹಿರಿತನದ ಪ್ರಕಾರ ಸಂಖ್ಯೆಯನ್ನೇ ಅಧಿಕೃತಗೊಳಿಸಿತು. ಊರಿನ ಅಭಿಮಾನದಿಂದ ಹೆಚ್ಚು ಜನ ಸೇರಲಿ ಎಂದು 1782ರಲ್ಲಿ ಕೌಂಟಿಗಳ ಹೆಸರನ್ನೂ ಜೋಡಿಸಿದರು.

ನೀವು ಕೇಳಿದ 33ನೇ ಫುಟ್ ಆಗ ಯಾರ್ಕ್‌ಶೈರ್ ವೆಸ್ಟ್ ರೈಡಿಂಗ್‌ನ ಪಡೆಯಾಯಿತು. ಶ್ರೀರಂಗಪಟ್ಟಣದ ಯುದ್ಧದ ಹೊತ್ತಿಗೆ ಆರ್ಥರ್ ವೆಲ್ಲೆಸ್ಲಿ ಅದರ ಲೆಫ್ಟಿನೆಂಟ್ ಕರ್ನಲ್. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿನ ಮೇಲೆ ಅವನು ನುಗ್ಗಿದಾಗ, ಕತ್ತಲಲ್ಲಿ ದಿಕ್ಕು ತಪ್ಪಿ, ಟಿಪ್ಪುವಿನ ಸೈನಿಕರ ಗುಂಡು ಮತ್ತು ರಾಕೆಟ್‌ಗಳ ನಡುವೆ ಹಿಮ್ಮೆಟ್ಟಿದ್ದು ಇದೇ ಪಡೆ. ಮುಂದೆ ಅವನೇ ವೆಲ್ಲಿಂಗ್ಟನ್ ಡ್ಯೂಕ್ ಆದ. ಅವನು ತೀರಿಕೊಂಡ ಮರುವರ್ಷ, 1853ರ ಜೂನ್ 18ರಂದು, ಅಂದರೆ ವಾಟರ್ಲೂ ಗೆಲುವಿನ ವಾರ್ಷಿಕ ದಿನದಂದು, ಪಡೆಗೆ ‘ಡ್ಯೂಕ್ ಆಫ್ ವೆಲ್ಲಿಂಗ್ಟನ್ಸ್’ ಎಂಬ ಹೆಸರು ಬಂತು.

1881ರ ಚೈಲ್ಡರ್ಸ್ ಸುಧಾರಣೆಯಲ್ಲಿ ಸಂಖ್ಯೆಗಳು ಅಧಿಕೃತವಾಗಿ ಹೋದವು. ಬಿಡಿ ಬೆಟಾಲಿಯನ್‌ಗಳನ್ನು ಜೋಡಿಮಾಡಿ ಪ್ರದೇಶದ ಹೆಸರಿಟ್ಟರು: 33 ಮತ್ತು 76 ಒಂದಾದವು, 74ನೆಯದು 71ರ ಜೊತೆ ಸೇರಿ ‘ಹೈಲ್ಯಾಂಡ್ ಲೈಟ್ ಇನ್ಫೆಂಟ್ರಿ’ಯಾಯಿತು. ಡ್ಯೂಕ್‌ನ ಪಡೆಯೂ 2006ರಲ್ಲಿ ಯಾರ್ಕ್‌ಶೈರ್ ರೆಜಿಮೆಂಟಿನಲ್ಲಿ ವಿಲೀನಗೊಂಡಿತು.